ದೋಣಿಯವಳ ಬೆನ್ನು

ಬಾಯಿ ತುಂಬ ಮೊಳೆ ಇಟ್ಟುಕೊಂಡು ಜಗಳ ಆಡಬಲ್ಲ ಹೆಂಗಸನ್ನು ನೀವು ನೋಡಿದ್ದೀರೋ ಇಲ್ಲವೋ, ಆ ಬೀದಿಯವರು ದಿನಾ ನೋಡುತ್ತಿದ್ದರು. ಹಳೆಯ ಸೋಫಾ, ಕುರ್ಚಿಗಳನ್ನು ಬಿಚ್ಚಿ, ಕೂರುವ ಜಾಗದ ಅಡಿಗೆ ಪಟ್ಟಿ ಬಿಗಿದು, ಹೊಸ ಬಟ್ಟೆ ಹೊದಿಸುವುದು ಅವಳ ಕೆಲಸ. ತುಟಿಯ ಸಂದಿಯಲ್ಲಿ ಸಣ್ಣ ಮೊಳೆಗಳ ಸಾಲು, ಕೈಯಲ್ಲಿ ಸುತ್ತಿಗೆ. ನಾಲಿಗೆಯಿಂದ ಒಂದು ಮೊಳೆ ಮುಂದಕ್ಕೆ ತಳ್ಳುವುದು, ತೆಗೆದು ಹೊಡೆಯುವುದು, ಸಿಕ್ಕ ಬಿಡುವಿನಲ್ಲಿ ಗಿರಾಕಿಗೆ ನಾಲ್ಕು ಮಾತು ಬೈಯುವುದು, ಮತ್ತೆ ಮೊಳೆ. ಮೊಳೆಯಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದರು. ಅಡ್ಡಹೆಸರನ್ನು ಬೆನ್ನ ಹಿಂದೆ ಆಡುವುದು ಲೋಕದ ರೂಢಿ. ಇವಳ ಮಟ್ಟಿಗೆ ಎದುರು ನಿಂತೇ ಕರೆಯಬೇಕಿತ್ತು, ಬೆನ್ನ ಹಿಂದೆ ಕರೆದರೆ ಅವಳಿಗೆ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಬಿಟ್ಟು ಹೋಗುವಾಗ ಎರಡೂ ಕಿವಿಯನ್ನು ಗಂಟು ಕಟ್ಟಿಕೊಂಡು ಹೋಗಿತ್ತು.

ಮಾತು ಮಾತ್ರ ಉಳಿದಿತ್ತು, ಅದೂ ಬೀದಿ ಕೊನೆಗೆ ಮುಟ್ಟುವಷ್ಟು ಗಟ್ಟಿಯಾಗಿ. ಬೇರೆಯವರ ಮಾತನ್ನು ಅವಳು ಅವರ ಬಾಯಿ ನೋಡಿ ಓದುತ್ತಿದ್ದಳು. ದಪ್ಪ ಮೀಸೆಯವರು ಅಂಗಡಿಗೆ ಬಂದರೆ, "ಮೊದ್ಲು ಆ ಪೊದೆ ಕತ್ತರಿಸ್ಕೊಂಡ್ ಬಾ, ಆಮೇಲೆ ಸೋಫಾ ವಿಷಯ," ಎಂದು ವಾಪಸು ಕಳಿಸಿದ್ದೂ ಉಂಟು.

ಇಂಥವಳಿಗೆ ಸಿನಿಮಾ ಹುಚ್ಚು. ನಮ್ಮ ಭಾಷೆಯ ಸಿನಿಮಾ ಅವಳಿಗೆ ನಿಷ್ಪ್ರಯೋಜಕ. ಅವುಗಳಲ್ಲಿ ಅಡಿಯಲ್ಲಿ ಅಕ್ಷರ ಹಾಕುವುದಿಲ್ಲ. ನಾಯಕ ಮುಖ ತಿರುಗಿಸಿ ಮಾತಾಡಿದರೆ ಮುಗಿಯಿತು, ಕತೆ ಕೈಬಿಟ್ಟು ಹೋಗುತ್ತದೆ. ಪರಭಾಷೆಯವಕ್ಕೆ ಹಾಗಲ್ಲ. ಅಲ್ಲಿ ಯಾರೇ ಬಾಯಿ ತೆರೆದರೂ ಅಡಿಯಲ್ಲಿ ನಮ್ಮ ಅಕ್ಷರ ಓಡುತ್ತದೆ. ಬೇರೆಯವರಿಗೆ ಅದು ಕಷ್ಟದ ಸಿನಿಮಾ, ಅವಳಿಗೆ ಸಲೀಸು. ದೂರ ದೇಶದ ಒಂದು ಸಿನಿಮಾ ಹಾಕಿದ ಕೂಡಲೇ ಆ ಕೋಣೆಯಲ್ಲಿ ಎಲ್ಲರೂ ಅವಳಷ್ಟೇ ಕಿವುಡರಾಗುತ್ತಿದ್ದರು. "ಈಗ ಬನ್ನಿ ನನ್ನ ಸಮಕ್ಕೆ," ಎಂದು ಅವಳು ತೊಡೆ ತಟ್ಟಿ ಕೂರುತ್ತಿದ್ದಳು.

ಅವಳ ತಮ್ಮನದು ಪಕ್ಕದಲ್ಲೇ ಡಿಸ್ಕ್ ಬಾಡಿಗೆ ಅಂಗಡಿ. ಅಂಗಡಿ ಎನ್ನುವುದು ದೊಡ್ಡ ಮಾತು. ಅಕ್ಕನ ಕಾರ್ಖಾನೆಯಿಂದ ಹಲಗೆ ಅಡ್ಡ ಕಟ್ಟಿ ಬಿಡಿಸಿಕೊಂಡ ಒಂದು ಓಣಿ, ಒಂದು ಗೋಡೆ, ಗೋಡೆ ತುಂಬ ಡಿಸ್ಕು. ಜಾಗ ಇಲ್ಲದ್ದರಿಂದಲೇ ಅಲ್ಲೊಂದು ಪದ್ಧತಿ ಹುಟ್ಟಿತ್ತು. ಒಂದೇ ಸಿನಿಮಾ ಹಲವು ಕಂಪನಿಗಳಿಂದ ಹಲವು ಸಲ ಬರುತ್ತದೆ. ಒಂದರಲ್ಲಿ ಚಿತ್ರ ಚೆನ್ನ, ಒಂದರಲ್ಲಿ ಅಕ್ಷರ ಚೆನ್ನ, ಒಂದರಲ್ಲಿ ಅರ್ಧ ಹಾಡೇ ಮಾಯ. ಎಲ್ಲವನ್ನೂ ಇಡಲು ಗೋಡೆ ಎಲ್ಲಿದೆ? ಹಾಗಾಗಿ ಭಾನುವಾರ ಮಧ್ಯಾಹ್ನ ಅಕ್ಕನ ಕಾರ್ಖಾನೆಯಲ್ಲಿ ‘ತೂಕ’ ನಡೆಯುತ್ತಿತ್ತು. ಎರಡು ಟೀವಿ ಅಕ್ಕಪಕ್ಕ, ಎಡಗಡೆ ಹಳೆಯದು, ಬಲಗಡೆ ಹೊಸದು, ಎರಡನ್ನೂ ಒಟ್ಟಿಗೆ ಬಿಡುವುದು. ರಿಪೇರಿಯಾಗಿ ಒಯ್ಯಲು ಕಾದಿದ್ದ ಗಿರಾಕಿಗಳ ಸೋಫಾಗಳ ಮೇಲೆ ಊರಿನ ಸಿನಿಮಾ ಹುಚ್ಚರೆಲ್ಲ ಕೂತು ನೋಡುವುದು. ಕೊನೆಗೆ ಕೈ ಎತ್ತುವುದು. ಗೆದ್ದದ್ದು ಗೋಡೆಗೆ, ಸೋತದ್ದು ಗೋಣಿಚೀಲಕ್ಕೆ. ಗೋಣಿಚೀಲ ತುಂಬಿದರೆ ಗುಜರಿಯವನಿಗೆ.

ಗೋಡೆಯ ಮೇಲೆ ಒಂದು ಡಿಸ್ಕ್ ಮಾತ್ರ ಯಾವತ್ತೂ ತೂಕಕ್ಕೆ ಬಂದಿರಲಿಲ್ಲ. ಅದಕ್ಕೆ ಜೋಡಿಯೇ ಇರಲಿಲ್ಲ. ದೋಣಿಯವಳ ಸಿನಿಮಾ.

ಕತೆ ದೊಡ್ಡದೇನಲ್ಲ. ನದಿ ದಾಟಿಸುವವನೊಬ್ಬ ಸಾಯುತ್ತಾನೆ. ಅವನ ಹೆಂಡತಿ ದೋಣಿಯ ಹುಟ್ಟು ಹಿಡಿಯುತ್ತಾಳೆ. ಗಂಡನ ಅಣ್ಣ ಬಂದು, ಹೆಂಗಸಿಗೆ ದೋಣಿ ಯಾಕೆ, ನನಗೆ ಕೊಡು ಎನ್ನುತ್ತಾನೆ. ಒಂದು ಬೆಳಗ್ಗೆ ಮಂಜಿನಲ್ಲಿ ಅವನನ್ನು ಕೂರಿಸಿಕೊಂಡು ದಾಟುತ್ತಾಳೆ. ಪರದೆಯ ತುಂಬ ಅವಳ ಬೆನ್ನು. ಅಡಿಯಲ್ಲಿ ಅಕ್ಷರ ಓಡುತ್ತದೆ: ‘ಹುಟ್ಟು ನನ್ನ ಕೈಯಲ್ಲಿದೆ. ದಾಟಬೇಕಾದರೆ ಬಾಯಿ ಮುಚ್ಚಿಕೊಂಡು ಕೂತಿರು. ನೀರಿಗೆ ನಿನ್ನ ಗುರುತಿಲ್ಲ, ನನ್ನದಿದೆ.’ ಆ ದಡ ಬರುತ್ತದೆ. ಭಾವ ಇಳಿದು ಹೋಗುತ್ತಾನೆ. ದೋಣಿ ಅವಳದೇ ಆಗಿ ಉಳಿಯುತ್ತದೆ.

ಮೊಳೆಯಕ್ಕ ಇದನ್ನು ಮೊದಲು ನೋಡಿದ್ದು ಅಪ್ಪ ತೀರಿಕೊಂಡ ವರ್ಷ. ಕಾರ್ಖಾನೆ ಅಪ್ಪನದು, ಕೆಲಸ ಕಲಿತವಳು ಇವಳು. ಚಿಕ್ಕಪ್ಪ ಬಂದು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. "ಕಿವಿ ಕೇಳದವಳು ಗಿರಾಕಿ ಜೊತೆ ಹೇಗಮ್ಮ ವ್ಯವಹಾರ ಮಾಡ್ತೀ? ಬೀಗದಕೈ ಇತ್ತ ಕೊಡು, ನಿನಗೊಂದು ಹೊತ್ತಿನ ಊಟಕ್ಕೆ ನಾನೇನು ಕಡಿಮೆ ಮಾಡಲ್ಲ," ಎಂದ. ನೆಂಟರೆಲ್ಲ ತಲೆ ಆಡಿಸಿದರು. ಇವಳಿಗೆ ಎಲ್ಲಿಂದ ಬಂತೋ, ಬಾಯಿಂದ ಮೊಳೆಗಳನ್ನು ಅಂಗೈಗೆ ಉಗಿದು ಹೇಳಿದಳು: "ಸುತ್ತಿಗೆ ನನ್ನ ಕೈಲಿದೆ ಚಿಕ್ಕಪ್ಪಾ. ಕೂತ್ಕೋಬೇಕಾದ್ರೆ ಬಾಯಿ ಮುಚ್ಕೊಂಡು ಕೂತ್ಕೋ." ಚಿಕ್ಕಪ್ಪ ಎದ್ದು ಹೋದ. ಹೋಗುವಾಗ ಕುರ್ಚಿಯನ್ನೂ ಒಯ್ದ, ಅದು ಅವನದಲ್ಲದಿದ್ದರೂ.

ಆಮೇಲೆ ಅವನು ಮತ್ತೆ ಬರತೊಡಗಿದ, ಅದು ಬೇರೆ ಮಾತು. ಪುಕ್ಕಟೆ ಸಿನಿಮಾ ಬಿಟ್ಟು ಮುನಿಸು ಸಾಧಿಸುವಷ್ಟು ದೊಡ್ಡ ಮನುಷ್ಯ ಅವನಲ್ಲ. ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು, ಇದ್ದುದರಲ್ಲಿ ಮೆತ್ತಗಿನ ಸೋಫಾ ಹುಡುಕಿ ಅದರಲ್ಲಿ ಹೂತುಕೊಳ್ಳುತ್ತಿದ್ದ.

ಹೀಗಿರುವಾಗ ದೋಣಿಯವಳ ಸಿನಿಮಾಕ್ಕೂ ಜೋಡಿ ಬಂತು. ಯಾವುದೋ ದೇಶದಲ್ಲಿ ಯಾರೋ ಮೂಲ ರೀಲು ಹುಡುಕಿ, ತೊಳೆದು, ಒರೆಸಿ, ಹೊಸ ಡಿಸ್ಕ್ ಮಾಡಿದ್ದರು. ತಮ್ಮ ಅದನ್ನು ತರಿಸಿದ.

"ಇದನ್ನ ತೂಗೋದು ಬೇಡ," ಎಂದಳು ಅಕ್ಕ.

"ಯಾಕಕ್ಕ? ಎಲ್ಲದಕ್ಕೂ ಒಂದೇ ನ್ಯಾಯ ಅಂತ ನೀನೇ ತಾನೆ ಹೇಳೋದು? ಹೋದ ತಿಂಗಳು ಕನ್ನಡಕದವರ ಕುದುರೆ ಸಿನಿಮಾನ ಗೋಣಿಚೀಲಕ್ಕೆ ಹಾಕಿದ್ದು ಯಾರು? ಅವರು ಅಳೋದೊಂದು ಬಾಕಿ."

ಅದು ನಿಜವೇ ಆಗಿತ್ತು. ಅಕ್ಷರ ಸಣ್ಣದು, ಬಿಳಿ ಕುದುರೆಯ ಮೇಲೆ ಬಿಳಿ ಅಕ್ಷರ, ಓದುವುದು ನಿನ್ನಜ್ಜನಾ ಎಂದು ಕನ್ನಡಕದಂಗಡಿಯ ಯಜಮಾನನ ಮೇಲೆ ಹಾರಾಡಿ ಅದನ್ನು ಸೋಲಿಸಿದ್ದು ಇವಳೇ. ತಾನು ತೋಡಿದ ಹಳ್ಳ. "ಸರಿ, ತೂಗು. ಗೆಲ್ಲೋದು ಯಾವುದು ಅಂತ ನನಗೆ ಗೊತ್ತಿದೆ," ಎಂದು ಪಟ್ಟಿ ಬಿಗಿಯಲು ತಿರುಗಿದಳು.

ಭಾನುವಾರ ಕಾರ್ಖಾನೆ ತುಂಬಿತು. ಕನ್ನಡಕದಂಗಡಿಯ ಯಜಮಾನ ಸೇಡಿನ ಉತ್ಸಾಹದಲ್ಲಿ ಮುಂದೆಯೇ ಕೂತ. ಯಾರದೋ ಮಗಳ ಮದುವೆಗೆಂದು ರಿಪೇರಿಗೆ ಬಂದಿದ್ದ ಹಸಿರು ಮಖಮಲ್ಲಿನ ಸೋಫಾವನ್ನು ಚಿಕ್ಕಪ್ಪ ಹಿಡಿದ. ತಮ್ಮನ ಹೆಂಡತಿ ಎಂದಿನಂತೆ ಅಕ್ಕನ ಎದುರಿಗೆ, ಮುಖ ಕಾಣುವ ಹಾಗೆ ಮೋಟು ಸ್ಟೂಲಿನ ಮೇಲೆ. ಅಕ್ಕನಿಗೆ ಆ ಮನೆಯಲ್ಲಿ ಕಿವಿ ಇದ್ದರೆ ಅದು ಅವಳೇ. ಬಾಯಿ ಬಿಡಿಸಿ, ನಿಧಾನ, ಪಾಠ ಹೇಳುವ ಹಾಗೆ ಅಲ್ಲದೆ ಮಾತಿನ ಹಾಗೆಯೇ ಮಾತಾಡುತ್ತಿದ್ದಳು.

ಎರಡು ಟೀವಿಯೂ ಶುರುವಾದವು. ನ್ಯಾಯವಾಗಿ ಹೇಳಬೇಕೆಂದರೆ ಹೊಸದರ ಮುಂದೆ ಹಳೆಯದು ಚಹಾದಲ್ಲಿ ಅದ್ದಿ ತೆಗೆದ ಬಟ್ಟೆ. ಹಳೆಯದರಲ್ಲಿ ನದಿ ಕಂದು, ಹೊಸದರಲ್ಲಿ ನದಿ ನದಿಯ ಬಣ್ಣ. ಹಳೆಯದು ಟೀವಿಯ ಚೌಕಕ್ಕೆ ಹೊಂದಲಿ ಎಂದು ಎರಡೂ ಬದಿ ಕತ್ತರಿಸಿದ್ದು. ಹೊಸದು ಪೂರ್ತಿ ಅಗಲ, ಮೇಲೆ ಕೆಳಗೆ ಕಪ್ಪು ಪಟ್ಟಿ, ಅಕ್ಷರ ಓಡುವುದು ಕೆಳಗಿನ ಪಟ್ಟಿಯಲ್ಲಿ.

"ನೋಡ್ರೀ, ಮಂಜಿನ ಒಂದೊಂದು ಎಳೆ ಎಣಿಸ್ಬಹುದು!" ಕನ್ನಡಕದವನು ಎದ್ದೇ ನಿಂತ.

"ಎಣಿಸ್ತಾ ಕೂತ್ಕೋ, ಮಂಜು ನೋಡೋಕೆ ಸಿನಿಮಾ ಯಾಕೆ, ನಿನ್ನ ಅಂಗಡಿ ಗಾಜು ಒರೆಸದೆ ಇದ್ರೆ ಸಾಕು," ಎಂದಳು ಅಕ್ಕ. ಎಲ್ಲ ನಕ್ಕರು. ಅವಳ ಕಣ್ಣು ಮಾತ್ರ ಎಡಗಡೆಯ ಅಡಿಯಂಚಿನಲ್ಲೇ ಇತ್ತು.

ಮಂಜಿನ ಆ ಬೆಳಗು ಬಂತು. ಎರಡು ಪರದೆಯ ಮೇಲೂ ದೋಣಿ ದಡ ಬಿಟ್ಟಿತು. ಎಡಗಡೆ ಬೆನ್ನು, ಅಡಿಯಲ್ಲಿ ಅಕ್ಷರ: ಹುಟ್ಟು ನನ್ನ ಕೈಯಲ್ಲಿದೆ. ಬಲಗಡೆ ಬೆನ್ನು, ಅಡಿಯಲ್ಲಿ ಕಪ್ಪು ಪಟ್ಟಿ. ಖಾಲಿ.

"ನಿಲ್ಸು!" ಅಕ್ಕ ಕೂಗಿದ ಕೂಗಿಗೆ ತಮ್ಮನ ಕೈಯಿಂದ ರಿಮೋಟ್ ಬಿತ್ತು. "ತಿಂದುಬಿಟ್ಟಿದ್ದಾರೆ! ಇಡೀ ಸಿನಿಮಾ ಇರೋದೇ ಆ ಮಾತಿನ ಮೇಲೆ, ಅದನ್ನೇ ನುಂಗಿದ್ದಾರೆ. ತೊಳೆದ್ರಂತೆ, ಒರೆಸಿದ್ರಂತೆ. ಮಗೂಗೆ ಸ್ನಾನ ಮಾಡಿಸಿ ಮಗೂನೇ ಮೋರಿಗೆ ಬಿಟ್ಟ ಹಾಗೆ. ಹಾಕು ಗೋಣಿಚೀಲಕ್ಕೆ! ಕೈ ಎತ್ರೋ ಎಲ್ಲರೂ!"

ಒಂದು ಕೈಯೂ ಏಳಲಿಲ್ಲ. ಅಕ್ಕ ಒಂದೊಂದೇ ಮುಖ ನೋಡುತ್ತ ಬಂದಳು. ಎಲ್ಲರ ಬಾಯಿಯೂ ಮುಚ್ಚಿತ್ತು. ಬಾಯಿ ಓದಿ ಬದುಕುವವರಿಗೆ ಮುಚ್ಚಿದ ಬಾಯಿಗಿಂತ ಹಾಳು ಪುಸ್ತಕ ಬೇರೆ ಇಲ್ಲ.

"ಏನು? ಏನಾಯ್ತು?"

ತಮ್ಮನ ಹೆಂಡತಿ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. "ಅಕ್ಕ, ಅಲ್ಲಿ ಮಾತೇ ಇಲ್ಲ."

"ಅದನ್ನೇ ನಾನೂ ಹೇಳ್ತಿರೋದು. ತೆಗೆದುಬಿಟ್ಟಿದ್ದಾರೆ."

"ತೆಗೆದಿಲ್ಲ. ಅವಳು ಮಾತಾಡೋದೇ ಇಲ್ಲ. ಬರೀ ಹುಟ್ಟಿನ ಸದ್ದು, ನೀರು. ಹಳೇ ಡಿಸ್ಕಲ್ಲಿ ಗೊರಗೊರ ಅಂತ ಇರ್ತಿತ್ತು, ಆ ಗಲಾಟೆ ಒಳಗೆ ಅವಳು ಗೊಣಗ್ತಾ ಇದ್ದಾಳೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಅಕ್ಷರ ಬರ್ತಿತ್ತಲ್ಲ. ಈಗ ಇದರಲ್ಲಿ ಸದ್ದು ಸ್ವಚ್ಛ ಇದೆ. ಅವಳು ಒಂದು ಮಾತೂ ಆಡಲ್ಲ ಅಕ್ಕ."

"ಸುಳ್ಳು."

ಅಕ್ಕ ಎದ್ದು ಹೋಗಿ ಎಡಗಡೆಯ ಟೀವಿಯ ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ಯಾರಿಗೂ ಹೇಳದ ಅವಳ ಒಂದು ವಿದ್ಯೆ ಅದು. ಮಾತು ಅಂಗೈಗೆ ಒಂದು ಥರ, ಹಾಡು ಇನ್ನೊಂದು ಥರ. "ಹಾಕು," ಎಂದಳು. ಹಳೆಯದರಲ್ಲಿ ಜೇನುಗೂಡಿನ ಹಾಗೆ ಒಂದೇ ಸಮ ನಡುಕ. ಆಮೇಲೆ ಬಲಗಡೆಯದರ ಮೇಲೆ ಇಟ್ಟಳು. ಒಂದು ಗುದ್ದು. ಏನೂ ಇಲ್ಲ. ಇನ್ನೊಂದು ಗುದ್ದು. ಏನೂ ಇಲ್ಲ. ಹುಟ್ಟು ನೀರಿಗೆ ಬೀಳುತ್ತಿತ್ತು, ಏಳುತ್ತಿತ್ತು. ಎರಡರ ನಡುವೆ ಮನುಷ್ಯರ ಗಂಟಲಿನ ಸುಳಿವೇ ಇರಲಿಲ್ಲ.

ಕೈ ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿರುಗಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಹಸಿರು ಸೋಫಾ. ನಗುವಿಗೆ ಚಿಕ್ಕಪ್ಪನ ಹೊಟ್ಟೆ ಕುಣಿಯುತ್ತಿತ್ತು. ಅವನ ಬಾಯಿ ಓದುವುದು ಅವಳಿಗೆ ಬಲು ಸುಲಭ, ಎಳವೆಯಿಂದ ಕಂಠಪಾಠವಾದ ಬಾಯಿ ಅದು.

"ಆಹಾ! ಅವತ್ತು ಅಂಗಳದಲ್ಲಿ ಏನು ಆರ್ಭಟ! ಸುತ್ತಿಗೆ ನನ್ನ ಕೈಲಿದೆ! ಸಿನಿಮಾದಿಂದ ಎರವಲು ತಂದಿದ್ದಾಳೆ, ಹೋಗ್ಲಿ ಅಂತ ಸುಮ್ಮನಿದ್ದೆ. ಈಗ ನೋಡಿದ್ರೆ ಸಿನಿಮಾದಲ್ಲೂ ಇಲ್ಲ! ಅಕ್ಷರ ಬರೆಯೋ ಯಾವನೋ ಕೂಲಿಯವನು ತೋಚಿದ್ದು ಗೀಚಿದಾನೆ, ಇವಳು ಅದನ್ನ ಮಂತ್ರ ಅಂದ್ಕೊಂಡು ನನ್ನ ಮೇಲೆ ಪ್ರಯೋಗ ಮಾಡಿದಾಳೆ. ಅಲ್ಲ, ಅಷ್ಟು ಜನದ ಮುಂದೆ ಒಂದು ಹುಸಿ ಮಾತಿಗೆ ಎದ್ದು ಹೋದ್ನಲ್ಲ ನಾನು!"

"ಚಿಕ್ಕಪ್ಪ, ಸಾಕು," ಎಂದ ತಮ್ಮ.

"ಯಾಕೆ ಸಾಕು? ಕನ್ನಡಕದವರೇ, ನೀವು ಹೇಳಿ. ಸುಳ್ಳು ಡಿಸ್ಕ್ ಯಾವುದು?"

ಕನ್ನಡಕದವನಿಗೆ ಸೇಡು ತೀರುವ ಹೊತ್ತಿಗೆ ಸೇಡೇ ಬೇಡವಾಗಿತ್ತು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. "ನಿಯಮದ ಪ್ರಕಾರ... ಹಳೇದು ಸೋತ ಹಾಗೆ, ಅಮ್ಮ," ಎಂದ. ಒರೆಸುತ್ತಲೇ ಹೇಳಿದ್ದರಿಂದ ಬಾಯಿ ಸರಿಯಾಗಿ ಕಾಣಲಿಲ್ಲ. ತಮ್ಮನ ಹೆಂಡತಿ ಅದನ್ನು ಮತ್ತೆ ಹೇಳಲಿಲ್ಲ. ಅಕ್ಕನಿಗೆ ಬೇಕಾಗಿಯೂ ಇರಲಿಲ್ಲ.

ಅವಳಿಗೆ ಅಳು ಬಂತೇ? ಬಂದಿರಬಹುದು. ಸಿಟ್ಟಿನವರಿಗೆ ಅಳು ಬಂದರೂ ಅದು ಸಿಟ್ಟಿನ ಬಟ್ಟೆ ಹಾಕಿಕೊಂಡೇ ಬರುತ್ತದೆ. "ಇನ್ನೊಂದು ಸಲ ಹಾಕು," ಎಂದಳು. "ಹೊಸದು. ಅದೊಂದೇ."

ತಮ್ಮ ಎಡಗಡೆಯ ಟೀವಿ ಆರಿಸಿದ. ಈ ಸಲ ಅಕ್ಕನಿಗೆ ಓದಲು ಏನೂ ಇರಲಿಲ್ಲ, ಆದ್ದರಿಂದ ನೋಡಿದಳು. ಇಷ್ಟು ವರ್ಷ ಪರದೆಯ ಅಡಿಯಂಚಿನಲ್ಲೇ ಕಣ್ಣು ನೆಟ್ಟು ಕೂತವಳು ಆ ಬೆನ್ನನ್ನು ಒಮ್ಮೆಯೂ ನೋಡಿರಲಿಲ್ಲ. ಅಗಲ ಬೆನ್ನು. ಬಲಭುಜ ಎಡಕ್ಕಿಂತ ತುಸು ತಗ್ಗು, ಒಂದೇ ಕಡೆಯಿಂದ ಎಳೆದೆಳೆದು ಆದದ್ದು. ಸೋಫಾದ ಚೌಕಟ್ಟಿಗೆ ಕಾಲು ಕೊಟ್ಟು ಪಟ್ಟಿ ಎಳೆಯುವಾಗ ತನ್ನ ಭುಜ ಹೋಗುವ ಹಾಗೆಯೇ ಅದು ಹೋಗುತ್ತಿತ್ತು. ಅವಸರವಿಲ್ಲ. ಬಿಡುವೂ ಇಲ್ಲ.

"ಅಕ್ಕ, ಇಲ್ಲಿ ನೋಡು!" ತಮ್ಮ ಟೀವಿಯ ಎಡ ಮೂಲೆಯನ್ನು ತಟ್ಟುತ್ತಿದ್ದ.

ಹಳೆಯದರಲ್ಲಿ ಕತ್ತರಿಸಿ ಹೋಗಿದ್ದ ಬದಿಯಲ್ಲಿ, ದೋಣಿಯ ತುದಿಯಲ್ಲಿ, ಭಾವ ಕೂತಿದ್ದ. ಮುಖ ಪೂರ್ತಿ ಇತ್ತ ಕಡೆಗೇ. ದಡ ಬಿಟ್ಟಾಗ ಕಾಲಗಲಿಸಿ ಯಜಮಾನನ ಹಾಗೆ ಕೂತವನು ಹುಟ್ಟು ಒಂದೊಂದು ಸಲ ಬಿದ್ದಾಗಲೂ ಒಂದಿಷ್ಟು ಮುದುಡುತ್ತಿದ್ದ. ಮಾತಾಡಲು ಬಾಯಿ ತೆರೆದ, ಮುಚ್ಚಿದ. ನೀರು ನೋಡಿದ. ಅವಳ ಬೆನ್ನು ನೋಡಿದ. ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ದಡ ಸೇರುವ ಹೊತ್ತಿಗೆ ಅವನು ಬರೀ ಒಬ್ಬ ಪ್ರಯಾಣಿಕನಾಗಿದ್ದ.

ತಮ್ಮನ ಮುಖ ಅರಳಿತು. "ಗೊತ್ತಾಯ್ತಾ? ಬದಿ ಕತ್ತರಿಸಿದಾಗ ಈ ಆಸಾಮಿನೂ ಕತ್ತರಿಸಿ ಹೋದ. ಬೆನ್ನೊಂದೇ ಉಳೀತು. ನೋಡೋರಿಗೆ ತಲೆಬುಡ ಅರ್ಥ ಆಗಲ್ಲ, ಭಾವ ಯಾಕೆ ಸುಮ್ಮನೆ ಇಳಿದು ಹೋದ ಅಂತ. ಅದಕ್ಕೇ ಅಕ್ಷರ ಬರೆಯೋನು ಅವಳ ಬಾಯಿಗೆ ಮಾತು ಹಾಕಿದಾನೆ. ಬಟ್ಟೆ ಸಾಲದ್ದಕ್ಕೆ..."

"ತೇಪೆ," ಎಂದಳು ಅಕ್ಕ.

"ಅದೇ, ತೇಪೆ."

"ತೇಪೆ ಅಂದ್ರೆ ಮೋಸ," ಎಂದ ಚಿಕ್ಕಪ್ಪ. "ಹಾಕು ಚೀಲಕ್ಕೆ."

ಅಕ್ಕ ನೇರ ಹಸಿರು ಸೋಫಾದ ಮುಂದೆ ಹೋಗಿ ನಿಂತಳು. "ಚಿಕ್ಕಪ್ಪ, ನೀನು ಕೂತಿರೋ ಮಖಮಲ್ಲಿನ ಅಡಿಗೆ ಏನಿದೆ ಗೊತ್ತಾ? ಐದು ತೇಪೆ ಇದೆ. ಮೂಲ ಪಟ್ಟಿ ಇಲಿ ತಿಂದಿತ್ತು. ನಾನು ತೇಪೆ ಹಾಕದಿದ್ರೆ ನೀನು ಈಗ ನೆಲದ ಮೇಲೆ ಇರ್ತಿದ್ದೆ, ಕಾಲು ಮೇಲೆ ಮಾಡ್ಕೊಂಡು."

ಚಿಕ್ಕಪ್ಪ ಅರಿವಿಲ್ಲದೆ ಸೋಫಾದ ತೋಳು ಹಿಡಿದ.

"ಅವಳು ಆ ಮಾತು ಆಡಿಲ್ಲ. ಸರಿ, ಒಪ್ಪಿದೆ. ನಾನು ಅಂದ್ಕೊಂಡಿದ್ದು ತಪ್ಪು. ಅವಳಿಗೆ ಆಡೋ ಅಗತ್ಯ ಇರ್ಲಿಲ್ಲ, ಅವಳ ಕೈಲಿ ನದಿ ಇತ್ತು. ನನಗೆ ಇತ್ತಲ್ಲ ಅಗತ್ಯ! ಅಂಗಳದಲ್ಲಿ ಅಷ್ಟು ಜನ ಗೋಣು ಆಡಿಸ್ತಾ ಕೂತಿದ್ರಿ, ನಿಮಗೆ ಬೆನ್ನು ತೋರಿಸಿದ್ರೆ ಬೀಗದಕೈ ಕಿತ್ಕೊಂಡು ಹೋಗ್ತಿದ್ರಿ. ಅಲ್ಲಿ ಬಾಯಿ ಬಿಟ್ಟು ಆಡಿದ್ದು ಯಾರು? ದೋಣಿಯವಳಲ್ಲ. ಅಕ್ಷರದವನೂ ಅಲ್ಲ. ನಾನು. ಈ ಬಾಯಿಂದ. ನೀನು ಎದ್ದು ಹೋಗಿದ್ದು ನನ್ನ ಮಾತಿಗೆ. ಅವಳು ಆಡಿಲ್ಲ ಅಂದ್ಮೇಲೆ ಅದು ಪೂರಾ ನನ್ನದೇ ಆಯ್ತು, ಇನ್ನು ಯಾರಿಗೂ ವಾಪಸ್ ಕೊಡೋ ಹಾಗಿಲ್ಲ. ತೇಪೆ ಅಂತೆ! ಆ ತೇಪೆ ಮೇಲೆ ಕೂತು ನಾನು ಇಷ್ಟು ವರ್ಷ ಬದುಕಿದೀನಿ, ಹರಿದಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆಯಲು ಹೋದರು. ಅಕ್ಕ ಕಣ್ಣಲ್ಲೇ ಹೆದರಿಸಿ ಕೂರಿಸಿದಳು.

ತಮ್ಮ ಎರಡು ಡಿಸ್ಕನ್ನೂ ಕೈಯಲ್ಲಿ ಹಿಡಿದು ನಿಂತಿದ್ದ, ಒಂದು ಗೋಡೆಯ ಕಡೆ, ಒಂದು ಗೋಣಿಚೀಲದ ಕಡೆ. "ಹಾಗಾದ್ರೆ ಯಾವುದಕ್ಕ?"

"ಎರಡೂ."

"ಪದ್ಧತಿ?"

"ಪದ್ಧತಿ ಯಾಕೆ ಮಾಡಿದ್ದು? ಜಾಗ ಇಲ್ಲ ಅಂತ. ಜಾಗ ಮಾಡ್ತೀನಿ."

"ನನ್ನ ಕುದುರೆ?" ಕನ್ನಡಕದವನು ಥಟ್ಟನೆ ಕೇಳಿದ, ಈ ಸಲ ಮುಖ ಎತ್ತಿ, ಬಾಯಿ ಬಿಡಿಸಿ.

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಚೀಲದಲ್ಲೇ ಇರ್ಬೇಕು. ಹುಡುಕ್ಕೋ. ಗುಜರಿಯವನು ಇನ್ನೂ ಬಂದಿಲ್ಲ." ಕನ್ನಡಕದವನು ಮೊಣಕಾಲೂರಿ ಗೋಣಿಚೀಲಕ್ಕೆ ತಲೆ ಹಾಕಿದ.

ಮೂಲೆಯಲ್ಲಿ ಯಾವುದೋ ಮುರಿದ ಮಂಚದ ಹಲಗೆ ಒರಗಿತ್ತು. ಅಕ್ಕ ಅದನ್ನು ಎಳೆದು ತಂದಳು. ಎರಡು ಟೀವಿಯ ಮೇಲುಗಡೆ, ಎಲ್ಲರಿಗೂ ಕಾಣುವ ಗೋಡೆಗೆ ಅದನ್ನು ಆನಿಸಿದಳು. ತಮ್ಮನ ಹೆಂಡತಿ ಹೇಳಿಸಿಕೊಳ್ಳದೆ ಬಂದು ಇನ್ನೊಂದು ತುದಿ ಹಿಡಿದಳು. ಅಕ್ಕ ತುಟಿಗೆ ಮೊಳೆ ತುಂಬಿಕೊಂಡಳು, ಈ ಸಲ ದೊಡ್ಡವು.

ಹಿಂದಿನಿಂದ ಚಿಕ್ಕಪ್ಪ ಮತ್ತೆ ಶುರು ಮಾಡಿದ್ದ. ಗೋಡೆ ಯಾರಪ್ಪನದು, ಅಣ್ಣ ಸಾಯುವ ಮುಂಚೆ ತನಗೆ ಏನು ಹೇಳಿದ್ದ, ಹೆಂಗಸರಿಗೆ ಇಷ್ಟು ಬಾಯಿ ಇರಬಾರದು ಎಂಬ ಹಳೆಯ ಪುರಾಣ. ಅವನ ದನಿ ಏರುತ್ತಿರುವುದನ್ನು ತಮ್ಮನ ಹೆಂಡತಿ ಕೇಳಿದಳು. ಅಕ್ಕನ ಕಡೆ ತಿರುಗಿ, ಹೇಳಲೇ ಎಂದು ಹುಬ್ಬು ಎತ್ತಿದಳು.

ಅಕ್ಕ ಮೊಳೆಗಳ ಸಂದಿಯಿಂದ, "ಹಲಗೆ ಬಿಗಿಯಾಗಿ ಹಿಡ್ಕೋ," ಎಂದಳು.

ಸುತ್ತಿಗೆ ಎತ್ತಿದಳು. ಬಲಭುಜ ತುಸು ತಗ್ಗಿ, ಮೇಲೆದ್ದು, ಬಿತ್ತು. ಅವಸರವಿಲ್ಲದೆ ಇನ್ನೊಂದು. ಇನ್ನೊಂದು. ಸೋಫಾಗಳ ಮೇಲೆ ಕೂತವರು ಒಬ್ಬೊಬ್ಬರಾಗಿ ಚಿಕ್ಕಪ್ಪನ ಕಡೆಯಿಂದ ಮುಖ ತಿರುಗಿಸಿ ಅವಳ ಬೆನ್ನನ್ನು ನೋಡತೊಡಗಿದರು. ಅವನ ಬಾಯಿ ಇನ್ನೂ ಆಡುತ್ತಿತ್ತೋ, ಮುಚ್ಚಿತ್ತೋ, ಅವಳಿಗೆ ಗೊತ್ತಿಲ್ಲ. ತಿರುಗಿ ನೋಡಿದರೆ ತಾನೆ.